ಕಡತದಿಂದ ತೆಗೆದದ್ದು

ಸ್ಯಾನ್ ಹೊಸೆ, ಮೂರನೆಯ ಮಹಡಿ, ವಿಚಾರಣೆಯ ಹನ್ನೊಂದನೆಯ ದಿನ.
ಏರ್ ಕಂಡೀಷನರ್ ಕೆಟ್ಟು ಕೂತಿದೆ.
ನ್ಯಾಯಾಧೀಶರು ನಿಲುವಂಗಿಯ ತೋಳು ಮಡಚಿದ್ದಾರೆ.
ನಾನು ಐಡಾ ರೊಶಾಕ್, ಶೀಘ್ರಲಿಪಿಗಾರ್ತಿ.
ಈ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡಿರುವುದಕ್ಕೆ
ಸಂಬಳ ಎಣಿಸುವವಳು ನಾನೊಬ್ಬಳೇ.

ಪ್ರಶ್ನೆ: ಪರದೆಯ ಮೇಲೆ ಕಿಟಕಿ ಮೊದಲು ತೆರೆದವರು ಯಾರು?

ಕಪ್ಪು ಸೂಟು ಹೇಳಿತು, ನಾವು.
ಬೂದು ಸೂಟು ಹೇಳಿತು, ಅದು ನಮ್ಮ ಮನೆಯ ಕಿಟಕಿ,
ಇವರು ಬೀದಿಯಲ್ಲಿ ನಿಂತು ಇಣುಕಿ
ಚೌಕಟ್ಟು ಸಮೇತ ಕಿತ್ತುಕೊಂಡು ಹೋದವರು.

ಒಬ್ಬ ಮುದುಕ ಕರವಸ್ತ್ರ ಬಿಚ್ಚಿದ.
ಒಳಗೆ ಮರದ ತುಂಡು, ಕೆಳಗೆ ಗಾಲಿ, ಹಿಂದೆ ಒಂದು ತಂತಿ.
ಹೆತ್ತವರಿಗೆ ಹೆಗ್ಗಣವೂ ಮುದ್ದು;
ಇದು ಬರೀ ಇಲಿ.
ಬೆನ್ನು ಸವರಿ ಸವರಿ ಕೊಡಲೊಲ್ಲದೆ ಕೊಟ್ಟ.
ಗುಮಾಸ್ತ ಅದರ ಬಾಲಕ್ಕೆ ಚೀಟಿ ಕಟ್ಟಿದ: ನಿಶಾನೆ ನಲವತ್ತೊಂದು.

ಇನ್ನೊಬ್ಬ ಬಂದ, ಆಸ್ಮಂಡ್ ಕ್ವೇಲ್, ಆಣೆ ಇಟ್ಟ ಕೈ ಇಳಿಸದೆಯೇ ಅಂದ:
ನನ್ನದಲ್ಲ, ನಾನು ಕಂಡದ್ದು.
ಎಲ್ಲಿ?
ರಡಾರ್ ಕೋಣೆಯಲ್ಲಿ. ಒಬ್ಬ ಹುಡುಗ
ಬೆಳಕಿನ ಚುಕ್ಕೆಯನ್ನು ಪೆನ್ನಿನಿಂದ ಮುಟ್ಟಿ
ನೀನು ಯಾರು ಅಂತ ಕೇಳುತ್ತಿದ್ದ.
ಆ ಹುಡುಗನ ಹೆಸರು?
ಮರೆತಿದೆ, ಸ್ವಾಮಿ. ಕಿವಿ ದೊಡ್ಡದಿದ್ದವು.

ಹೀಗೆ ಬೆಟ್ಟ ಅಗೆಯುತ್ತ ಅಗೆಯುತ್ತ
ಊಟದ ಹೊತ್ತಾಯಿತು.

ಮಧ್ಯಾಹ್ನ ವರ್ನಾ ಟಿಲ್ಲಟ್ಸನ್, ವಯಸ್ಸು ಎಪ್ಪತ್ತೊಂದು,
ಪ್ರಯೋಗಾಲಯದ ಮಾಜಿ ಟೈಪಿಸ್ಟು.
ಕರೆಸಿದ್ದು ಇಷ್ಟಕ್ಕೆ: ಈ ಟಿಪ್ಪಣಿಯ ಮೇಲಿನ ತಾರೀಖು ನಿಮ್ಮ ಕೈಯದೋ?
ಹೌದು, ನನ್ನದೇ, ಅಂದಳು. ಏಳಬಹುದಿತ್ತು. ಏಳಲಿಲ್ಲ.

ನನ್ನ ಮೇಜು ಚಿಕ್ಕದಿತ್ತು, ಅಂದಳು.
ಒಂದರ ಮೇಲೊಂದು ಕಾಗದ ಇಡುತ್ತಿದ್ದೆ,
ಪೂರ್ತಿ ಮುಚ್ಚದ ಹಾಗೆ, ಒಂದೊಂದರ ಹಣೆ ಕಾಣುವಷ್ಟು ಬಿಟ್ಟು.
ಹಣೆ ನೋಡಿ ಎಳೆದರೆ ಬೇಕಾದದ್ದು ಮೇಲೆ ಬರಬೇಕು.
ಬೇಡದ್ದಕ್ಕೆ ಕಾಲ ಬಳಿ ತಗಡಿನ ಬುಟ್ಟಿ.
ಲೀಲಂಡ್ ಅಂತ ಹುಡುಗ, ಸ್ಟೇಪ್ಲರ್ ಕೇಳಲು ಬಂದವನು,
ನಿಂತೇ ಇದ್ದ.
ಕಾಫಿ ಆರುವಷ್ಟು ಹೊತ್ತು ನನ್ನ ಮೇಜು ನೋಡುತ್ತ ನಿಂತಿದ್ದ.
ಆಮೇಲೆ ಹೋದ.
ಸ್ಟೇಪ್ಲರ್ ಒಯ್ಯಲಿಲ್ಲ.

ಆಕ್ಷೇಪಣೆ! ಎರಡು ಸೂಟುಗಳೂ ಒಟ್ಟಿಗೆ ಎದ್ದವು,
ಹನ್ನೊಂದು ದಿನದಲ್ಲಿ ಮೊದಲ ಸಲ.

ಅಂದರೆ ಅಮ್ಮಾ, ಇದನ್ನು ಕಂಡುಹಿಡಿದವರು ನೀವು ಅಂತಲೋ?
ಅಯ್ಯೋ, ಇಲ್ಲ.
ಮೇಜು ಚಿಕ್ಕದಿತ್ತು ಅಂತ.
ದೊಡ್ಡದಕ್ಕೆ ಮೂರು ಸಲ ಅರ್ಜಿ ಹಾಕಿದ್ದೆ.

ಯಾರೋ ನಕ್ಕರು.
ಸಾಕ್ಷಿಯ ಮಾತನ್ನು ಕಡತದಿಂದ ತೆಗೆಯತಕ್ಕದ್ದು, ಅಂದರು ನ್ಯಾಯಾಧೀಶರು.

ತೆಗೆಯಲು ನನ್ನ ಯಂತ್ರದಲ್ಲಿ ಕೀಲಿ ಇಲ್ಲ.
ತೆಗೆಯಬೇಕಾದ ಮಾತನ್ನೂ ನಾನು ಒತ್ತಿರುತ್ತೇನೆ,
ಆಮೇಲೆ ತೆಗೆಯಿರಿ ಎಂಬ ಅಪ್ಪಣೆಯನ್ನೂ ಒತ್ತುತ್ತೇನೆ.
ಎರಡೂ ಒಂದರ ಕೆಳಗೊಂದು ಮಲಗಿರುತ್ತವೆ
ಪುಟ ಸಾವಿರದ ಮುನ್ನೂರ ಹನ್ನೆರಡರಲ್ಲಿ,
ಹಣೆ ಕಾಣುವಷ್ಟು.

ದಾವೆ ವಜಾ ಆಯಿತು, ಮಾರ್ಚಿಯಲ್ಲಿ.
ಹೂಡುವುದಕ್ಕೆ ತಡವಾಗಿತ್ತಂತೆ.
ಕಿಟಕಿ ಯಾರದೆಂದು ತೀರ್ಪು ಹೇಳಲೇ ಇಲ್ಲ.
ಗೆದ್ದೆತ್ತಿನ ಬಾಲ ಹಿಡಿಯಲು ಬಂದ ಪತ್ರಕರ್ತರು
ಯಾವುದು ಎತ್ತು ಅಂತ ತಿಳಿಯದೆ
ಪಾರ್ಕಿಂಗ್ ಜಾಗದಲ್ಲಿ ಸಿಗರೇಟು ಸೇದುತ್ತಿದ್ದರು.

ಅವತ್ತು ಕಟಕಟೆ ಇಳಿದು ಹೋಗುವಾಗ ವರ್ನಾ
ನನ್ನ ಮೇಜಿನ ಹತ್ತಿರ ನಿಂತಳು, ಬಗ್ಗಿದಳು,
ಪಿಸುದನಿಯಲ್ಲಿ, ಒಬ್ಬ ಟೈಪಿಸ್ಟು ಇನ್ನೊಬ್ಬಳಿಗೆ ಹೇಳುವ ಹಾಗೆ:
ನನ್ನ ಹೆಸರಲ್ಲಿ ಎಲ್ ಎರಡು ಬರುತ್ತೆ, ನೋಡಿಕೊಳ್ಳಿ.

ನೋಡಿದೆ.
ಒಂದೇ ಹಾಕಿದ್ದೆ.
ತಿದ್ದಿದೆ.